ಗಜರಾಜನ ಟ್ಯಾಕ್ಸಿಯ ಕೆಂಪು ಹೋಸ್ ಪೈಪು

ಗಜರಾಜನ ಟ್ಯಾಕ್ಸಿಯ ರೇಡಿಯೇಟರ್ ಮುಚ್ಚಳ ತೆಗೆದ ಕೂಡಲೇ ಬಂದ ವಾಸನೆಗೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಲಂಬಾಸಾ ಪೇಟೆಯಲ್ಲಿ ಮೂವತ್ತೊಂದು ವರ್ಷದಿಂದ ಗ್ಯಾರೇಜು ಇಟ್ಟುಕೊಂಡಿದ್ದೇನೆ. ಬಾನೆಟ್ಟಿನೊಳಗೆ ಸತ್ತು ಬೆಂದುಹೋದ ಇಲಿ ತೆಗೆದಿದ್ದೇನೆ, ಮೀನು ಸಾಗಿಸುವ ವ್ಯಾನಿನ ತಳದಲ್ಲಿ ಅಂಗಾತ ಮಲಗಿ ಕೆಲಸ ಮಾಡಿದ್ದೇನೆ. ನನ್ನದು ಸುಲಭಕ್ಕೆ ಹೇಸುವ ಮೂಗಲ್ಲ. ಆದರೆ ಇದು ಬೇರೆ. ಮೂರು ದಿನ ಮುಚ್ಚಿಟ್ಟು ಹುಳಿ ಬಂದ ಗಂಜಿ, ತುಕ್ಕು, ಅದರ ಮೇಲೆ ಕೂಲೆಂಟಿನ ಆ ಸಿಹಿ ನಾತ, ಎಲ್ಲ ಸೇರಿ ನೇರವಾಗಿ ಗಂಟಲಿಗೇ ಇಳಿಯಿತು. ಒಂದು ಕಡ್ಡಿ ಅದ್ದಿ ಎತ್ತಿದೆ. ಬೂದು ಬಣ್ಣದ ಅಂಟು ಸಿಂಬಳದ ಹಾಗೆ ಉದ್ದಕ್ಕೆ ಜೋತುಬಿತ್ತು.

"ಇದೇನು ಭೈಯಾ?"

"ಏನಿಲ್ಲ ಮಿಸ್ತ್ರಿ. ಮರಗೆಣಸು."

"ಏನು?"

"ಮರಗೆಣಸಿನ ಹಾಲು. ತುರಿದು ಹಿಂಡಿ, ಬಟ್ಟೇಲಿ ಸೋಸಿ ಹಾಕಿದ್ದು. ನಾರು ಒಂದು ಎಳೆ ಹೋಗಿಲ್ಲ ನೋಡು."

ನಾರು ಹೋಗಿಲ್ಲವಂತೆ. ಅದನ್ನು ಅವನು ಹೇಳಿದ ರೀತಿ ಹೇಗಿತ್ತೆಂದರೆ, ನಾನು ಶಭಾಷ್ ಅನ್ನಬೇಕಿತ್ತು. ನಮ್ಮ ದ್ವೀಪದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಒಂದು ಕೆಟ್ಟ ವಿದ್ಯೆ ಇದೆ. ರೇಡಿಯೇಟರ್ ಸೋರಿದರೆ ಮರಗೆಣಸಿನ ಹಾಲು ಹೊಯ್ಯಿ, ಬಿಸಿಗೆ ಅದು ಅಂಟಾಗಿ ತೂತು ಮುಚ್ಚುತ್ತದೆ ಅನ್ನುತ್ತಾರೆ. ಮುಚ್ಚುವುದೇನೋ ನಿಜ. ಒಂದು ತೂತಲ್ಲ, ಇರುವ ದಾರಿಗಳನ್ನೆಲ್ಲ ಮುಚ್ಚಿ ಕೂರುತ್ತದೆ. ಈ ಗಂಜಿ ಕಾಯಿಸುವ ಪಂಡಿತರು ದಿನವಿಡೀ ಯಂಗೋನದ ಬೋಗುಣಿಯ ಸುತ್ತ ಕೂತು, ತೆಂಗಿನ ಚಿಪ್ಪಿನಲ್ಲಿ ಆ ಬೇರು ಕಲಸಿದ ಕೆಸರುನೀರು ಕುಡಿಯುತ್ತಾ, ಯಾರ ಕಾರಿಗೆ ಏನು ಕಾಯಿಲೆ ಎಂದು ತೀರ್ಪು ಕೊಡುತ್ತಾರೆ. ಗಜರಾಜ ಅವರ ಮಾತನ್ನು ಮೀರುವವನಲ್ಲ. ಯಾರ ಮಾತನ್ನೂ ಮೀರುವವನಲ್ಲ. ಅವನ ಬದುಕಿನ ಕಥೆ ಪೂರ್ತಿ ಅದೇ.

ಅವನಿಗೆ ಆಗ ಐವತ್ತೆಂಟು. ಗುತ್ತಿಗೆ ಮುಗಿದು ಅಪ್ಪನ ಕಬ್ಬಿನ ಹೊಲ ಕೈತಪ್ಪಿದ ಮೇಲೆ ಪೇಟೆಗೆ ಬಂದವನು ಬಟ್ಟೆ ಅಂಗಡಿಯ ಸುರುಜ್ ಬಲಿಯ ಟ್ಯಾಕ್ಸಿಯ ಸ್ಟೀರಿಂಗ್ ಹಿಡಿದ. ಹದಿನೆಂಟು ವರ್ಷ ಅದನ್ನು ಬಿಟ್ಟಿಲ್ಲ. ಪರ್ಮಿಟ್ಟು ಸುರುಜ್ ಬಲಿಯದು, ಕಾರು ಸುರುಜ್ ಬಲಿಯದು, ಗಜರಾಜನದು ಎರಡು ಕೈ, ಎರಡು ಕಾಲು, ದಿನವೂ ಇಸ್ತ್ರಿ ಮಾಡಿದ ಒಂದು ನೀಲಿ ಅಂಗಿ. ಆದರೂ ಬೆಳಿಗ್ಗೆ ಆರಕ್ಕೆ ಬಂದು ತನ್ನ ಸ್ವಂತ ಎಮ್ಮೆಗೆ ಮೈ ತಿಕ್ಕುವ ಹಾಗೆ ಆ ಕಾರಿಗೆ ತಿಕ್ಕುತ್ತಿದ್ದ. ಆಸ್ಪತ್ರೆಗೆ ಹೋಗುವ ಮುದುಕಿಯರು ಸ್ಟ್ಯಾಂಡಿಗೆ ಬಂದು ಸಾಲಿನ ಮುಂದಿನ ಕಾರು ಬಿಟ್ಟು "ಗಜರಾಜ ಎಲ್ಲಿ" ಅನ್ನುವರು. ಅವನು ಹಳ್ಳ ಬಂದಲ್ಲಿ ನಿಧಾನ ಮಾಡುತ್ತಾನೆ, ದಾರಿಯಲ್ಲಿ ಸೊಸೆಯಂದಿರ ಮೇಲಿನ ದೂರನ್ನೆಲ್ಲ ಕೇಳಿಸಿಕೊಳ್ಳುತ್ತಾನೆ, ಎಲ್ಲಕ್ಕೂ "ಹೌದು ಮಾಯಿ" ಅನ್ನುತ್ತಾನೆ. ಆ "ಹೌದು" ಅನ್ನುವ ಗುಣ ಕಂಡರೆ ನನಗೆ ಮೈ ಉರಿಯುತ್ತಿತ್ತು. ಬೈದರೂ ಹೌದು, ಹೊಗಳಿದರೂ ಹೌದು.

ಈಗ ಆ ಸ್ಟೀರಿಂಗೇ ಅವನ ಕೈಯಿಂದ ಜಾರುವುದರಲ್ಲಿತ್ತು. ಎರಡು ವಾರದಲ್ಲಿ ಎರಡು ಸಲ ಕಾರು ಬಂದರಿನ ದಾರಿಯ ಸೆಯಾಂಗಾಂಗಾದ ಏರಿನಲ್ಲಿ ಕುದ್ದು ನಿಂತಿತ್ತು. ಎರಡನೆಯ ಸಲ ಸುರುಜ್ ಬಲಿ ಸ್ಟ್ಯಾಂಡಿಗೇ ಬಂದು ಎಲ್ಲರೆದುರು ಹೇಳಿದನಂತೆ: "ಕಾರು ನೋಡ್ಕೊಳ್ಳೋಕೆ ಬರಲ್ಲ ಅಂದ್ರೆ ಮನೇಲಿ ಕೂತ್ಕೋ ಗಜರಾಜ. ಭಾನುವಾರ ನಂಬೊವಾಲು ಬಂದರಿಗೆ ಹೋಗ್ಬೇಕು, ನನ್ನ ಹೆಂಡ್ತಿ ಅಣ್ಣ ಸುವಾದಿಂದ ಬರ್ತಾನೆ. ನಾನೂ ಕಾರಲ್ಲಿರ್ತೀನಿ. ದಾರೀಲಿ ಕುದೀತೋ, ನೀನು ಅಲ್ಲೇ ಇಳಿ. ಸೋಮವಾರದಿಂದ ನನ್ನ ಅಳಿಯ ಓಡಿಸ್ತಾನೆ."

ಆ ಅಳಿಯ ಅಷ್ನೀಲ್ ಎಂಬವನು ಅಲ್ಲೇ ನಿಂತು ಹಲ್ಲು ಕಿರಿಯುತ್ತಿದ್ದನಂತೆ. ಗಜರಾಜ ಏನೆಂದ ಎಂದು ಕೇಳಬೇಕಾಗಿಲ್ಲ. ಹೌದು ಬಾಸ್ ಅಂದ.

ಅದು ಹೇಳಿದ್ದು ಬುಧವಾರ. ನನ್ನ ಬಳಿ ಕಾರು ಬಂದದ್ದು ಶುಕ್ರವಾರ ಬೆಳಿಗ್ಗೆ. ನಡುವೆ ಒಂದು ದಿನ ಮರಗೆಣಸಿಗೆ ಹೋಯಿತು.

ರೇಡಿಯೇಟರ್ ಬಿಚ್ಚಿ ತಲೆಕೆಳಗು ಮಾಡಿ ನೀರಿನ ಪೈಪು ಹಿಡಿದೆ. ಮೊದಲು ಏನೂ ಬರಲಿಲ್ಲ. ಆಮೇಲೆ ಹೆಪ್ಪು ಹೆಪ್ಪಾಗಿ ಬೀಳತೊಡಗಿತು, ಕಪ್ಪೆಯ ಮೊಟ್ಟೆಗಳ ಹಾಗೆ. ನೆಲದ ಮೇಲೆಲ್ಲ ಹರಡಿತು. ನನ್ನ ಚಪ್ಪಲಿ ಅದರಲ್ಲಿ ಅಂಟಿಕೊಂಡಿತು. ಪಕ್ಕದ ಹೊಲಿಗೆ ಅಂಗಡಿಯವಳು ಬಂದು ಮೂಗು ಮುಚ್ಚಿಕೊಂಡು ನೋಡಿ, ಒಳಗೆ ಹೋಗಿ ಕಿಟಕಿ ಹಾಕಿಕೊಂಡಳು. ಗಜರಾಜ ಪೊರಕೆ ಹಿಡಿದು ಗುಡಿಸುತ್ತಿದ್ದ. ಬೈದರೆ ಬೈಗುಳ ತಾಗುವ ಜಾಗವೇ ಅವನಲ್ಲಿ ಇರಲಿಲ್ಲ, ಅದಕ್ಕೆ ನಾನು ರೇಡಿಯೇಟರಿಗೇ ಬೈದೆ.

ಮತ್ತೆ ಜೋಡಿಸಿ, ಒಳ್ಳೆಯ ನೀರು, ಕೂಲೆಂಟು ತುಂಬಿ ಇಂಜಿನ್ ಚಾಲೂ ಮಾಡಿದೆ. ಅರ್ಧ ಗಂಟೆ ನಿಂತಲ್ಲೇ ಓಡಿತು. ಶಾಖದ ಮುಳ್ಳು ನಡುವಿನಲ್ಲೇ ನಿಂತಿತ್ತು. ಒಂದು ಹನಿ ಸೋರಲಿಲ್ಲ.

"ಸರಿಹೋಯ್ತು ಅಲ್ವಾ ಮಿಸ್ತ್ರಿ?"

"ಏನು ಸರಿಹೋಯ್ತು? ಗಂಜಿ ಹೋಯ್ತು. ಗಂಜಿ ಹಾಕೋಕೆ ಮುಂಚೆ ಯಾಕೆ ಕುದೀತು? ಸೋರ್ತಾ ಇತ್ತಾ ಆಗ?"

"ಸೋರೋದು ಕಾಣ್ಲಿಲ್ಲ."

"ಮತ್ತೆ ತೂತು ಮುಚ್ಚೋಕೆ ಯಾಕೆ ಹಾಕ್ದೆ?"

"ಎಲ್ಲರೂ ಹಾಕು ಅಂದ್ರು."

ಆಗ ನನ್ನ ಕಣ್ಣು ಕೆಳಗಿನ ಹೋಸ್ ಪೈಪಿನ ಮೇಲೆ ಬಿತ್ತು. ಬಾನೆಟ್ಟಿನೊಳಗೆ ಎಲ್ಲವೂ ಕಪ್ಪು, ಕಂದು, ಮಸಿ. ಅದರ ನಡುವೆ ಇದೊಂದು ಮದುವಣಗಿತ್ತಿಯ ಬಳೆಯ ಹಾಗೆ ಕೆಂಪಗೆ ಫಳಫಳ ಹೊಳೆಯುತ್ತಿತ್ತು. ಅದನ್ನು ನಾನು ಹಾಕಿದ್ದಲ್ಲ. ಸುರುಜ್ ಬಲಿ ರಾಜಧಾನಿ ಸುವಾಕ್ಕೆ ಮದುವೆಗೆ ಹೋದವನು ಹಳೆಯ ಹೋಸನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗಿ, ಅಂಗಡಿಯಲ್ಲಿ ಪಕ್ಕಪಕ್ಕ ಇಟ್ಟು ನೋಡಿ ಆರಿಸಿ, ಹಳೆಯದನ್ನು ಅಲ್ಲೇ ಬಿಸಾಕಿ ಬಂದಿದ್ದನಂತೆ. ಹಾಕಿದ್ದು ಅಳಿಯ.

"ಹಾಕಿ ಎಷ್ಟು ದಿನ ಆಯ್ತು?"

"ಮೂರು ವಾರ. ಬಾಸು ಬಹಳ ಇಷ್ಟಪಟ್ಟು ತಂದಿದ್ದು. ಕಪ್ಪು ಎಲ್ಲರ ಕಾರಲ್ಲೂ ಇರುತ್ತೆ, ಇದು ರೇಸ್ ಕಾರಿಗೆ ಹಾಕೋದು ಅಂದ್ರು."

ಒಂದು ಕೈಯಲ್ಲಿ ಆಕ್ಸಿಲರೇಟರಿನ ತಂತಿ ಎಳೆದು ಇಂಜಿನ್ನನ್ನು ಅರಚಿಸಿದೆ, ಏರು ಹತ್ತುವಾಗ ಅರಚುವ ಹಾಗೆ. ಕಣ್ಣೆದುರೇ ಆ ಕೆಂಪು ಹೋಸು ಒಳಕ್ಕೆ ಸೇದಿಕೊಂಡು ಚಪ್ಪಟೆಯಾಯಿತು. ಮಾವಿನಹಣ್ಣಿನ ರಸ ಹೀರಿದ ಮೇಲೆ ಸಿಪ್ಪೆ ಆಗುತ್ತದಲ್ಲ, ಹಾಗೆ. ತಂತಿ ಬಿಟ್ಟೆ. ಮತ್ತೆ ಉಬ್ಬಿ ದುಂಡಗಾಗಿ, ಏನೂ ಅರಿಯದ ಹಾಗೆ ಹೊಳೆಯುತ್ತಾ ಕೂತಿತು.

ಗಜರಾಜ ಬಗ್ಗಿ ನೋಡಿದ. "ಇದೇನು ಹೀಗೆ?"

"ನೋಡು ಭೈಯಾ. ಕೆಳಗಿನ ಹೋಸಿಂದ ಪಂಪು ನೀರು ಎಳ್ಕೊಳ್ಳುತ್ತೆ. ಜೋರಾಗಿ ಓಡಿಸಿದಷ್ಟೂ ಜೋರಾಗಿ ಎಳೆಯುತ್ತೆ. ಅದಕ್ಕೇ ಕೆಳಗಿನ ಹೋಸಿನ ಒಳಗೆ ಸ್ಪ್ರಿಂಗ್ ಇರುತ್ತೆ, ಮುದುರದೆ ಇರ್ಲಿ ಅಂತ. ನಿನ್ನ ಬಾಸು ಹೋಸಿನ ಬಾಗು ನೋಡ್ದ, ಬಾಯಿ ನೋಡ್ದ, ಬಣ್ಣ ನೋಡ್ದ. ಒಳಗೆ ಬೆರಳು ಹಾಕಿ ನೋಡ್ಲಿಲ್ಲ. ನಿಂತಾಗ ಚೆನ್ನಾಗಿರುತ್ತೆ, ಪೇಟೇಲಿ ಚೆನ್ನಾಗಿರುತ್ತೆ, ಏರು ಬಂದಾಗ ಗಂಟಲು ಮುಚ್ಕೊಳ್ಳುತ್ತೆ. ನಿನ್ನದು ಒಂದು ತಪ್ಪಿಲ್ಲ."

ಒಂದು ತಪ್ಪಿಲ್ಲ ಅಂದಾಗ ಅವನ ಮುಖ ಅರಳುತ್ತದೆ ಅಂದುಕೊಂಡಿದ್ದೆ. ಅವನು ಇನ್ನಷ್ಟು ಹೆದರಿದ.

ಕೆಂಪು ಹೋಸನ್ನು ಬಿಚ್ಚಿಕೊಂಡು ಇಬ್ಬರೂ ನನ್ನ ಪಿಕಪ್ಪಿನಲ್ಲಿ ಕುಪ್ಪಮ್ಮನ ಅಂಗಡಿಗೆ ಹೋದೆವು. ಲಂಬಾಸಾದಲ್ಲಿ ಹೋಸು ಬೇಕಾದರೆ ಕುಪ್ಪಮ್ಮ. ಗುಜರಿಯವನ ಹೆಂಡತಿ, ಗಂಡ ಸತ್ತ ಮೇಲೆ ಗೋಡೆ ತುಂಬ ಮೊಳೆ ಹೊಡೆದು ನಾನಾ ಬಗೆಯ ಹೋಸುಗಳನ್ನು ಹಾವುಗಳ ಹಾಗೆ ನೇತುಹಾಕಿದ್ದಾಳೆ. ಪುಸ್ತಕ ನೋಡುವುದಿಲ್ಲ, ಕಾರಿನ ಹೆಸರು ಕೇಳುವುದಿಲ್ಲ. ಹಳೆಯದು ಕೈಗೆ ಕೊಡಬೇಕು. ಹಿಸುಕುತ್ತಾಳೆ, ಮೂಸುತ್ತಾಳೆ, ಕಿವಿಯ ಹತ್ತಿರ ಹಿಡಿದು ಮಡಿಸಿ ಒಳಗೆ ಚುರುಚುರು ಅನ್ನುತ್ತದೋ ಕೇಳುತ್ತಾಳೆ.

ಕೆಂಪನ್ನು ಹಿಸುಕಿದವಳೇ ನನ್ನ ಮುಖ ನೋಡಿದಳು. "ಇದನ್ನ ಎಲ್ಲಿಂದ ತಂದ್ರಿ? ಒಳಗೆ ಕರುಳೇ ಇಲ್ವಲ್ಲ."

"ಸುರುಜ್ ಬಲಿ ತಂದದ್ದು."

"ಬಟ್ಟೆ ಅಂಗಡಿಯವನು ಹೋಸು ತಂದ್ರೆ ಹೀಗೇ. ಬಣ್ಣ ಹೋಗುತ್ತಾ ಅಂತ ಒದ್ದೆ ಕೈಲಿ ಉಜ್ಜಿ ನೋಡಿರ್ತಾನೆ."

ಮೊದಲು ಟ್ರ್ಯಾಕ್ಟರಿನದೊಂದು ಇಳಿಸಿ ಕೊಟ್ಟಳು. ಒಳಗೆ ಸ್ಪ್ರಿಂಗ್ ಇತ್ತು, ರಬ್ಬರು ಗಟ್ಟಿ, ಬಾಯಿಯೂ ಸರಿ. ಆದರೆ ಬಾಗು ಸಾಲದು. ನಮ್ಮ ಕಾರಿಗೆ ಎರಡು ಕಡೆ ತಿರುಗಬೇಕು, ಇದು ಒಂದೇ ಕಡೆ ತಿರುಗಿತ್ತು. ಒತ್ತಾಯ ಮಾಡಿ ಬಗ್ಗಿಸಿದರೆ ಫ್ಯಾನಿಗೆ ತಾಗುತ್ತದೆ, ವಾರದಲ್ಲಿ ಸವೆದು ಹರಿಯುತ್ತದೆ. ಇನ್ನೊಂದು ಕೊಟ್ಟಳು. ಬಾಗು ಅಚ್ಚುಕಟ್ಟು, ಬಾಯಿ ಮಾತ್ರ ಒಂದು ಕಾಳಿನಷ್ಟು ದೊಡ್ಡದು.

"ಸೈಕಲ್ ಟ್ಯೂಬು ಕತ್ತರಿಸಿ ಒಳಗೆ ಸುತ್ತು, ಮೇಲೆ ಕ್ಲಿಪ್ಪು ಬಿಗಿ" ಅಂದಳು.

"ಸುತ್ತುವವರ ಹತ್ರ ಮಾರು ಅದನ್ನ. ನಾನು ಸುತ್ತಲ್ಲ."

"ನಿನ್ನ ಸೊಕ್ಕು ಇಳಿಯೋ ದಿನ ನಾನಿರ್ತೀನೋ ಇಲ್ವೋ. ಸರಿಯಾದ್ದು ಒಂದಿತ್ತು. ಬೆಳಿಗ್ಗೆ ಅಪಿಸಾಯಿ ತಗೊಂಡು ಹೋದ, ತಂಬಿಯಾದ ಆಚೆಯ ಹಳ್ಳಿಯವನು. ಅವನದೂ ಇದೇ ಇಂಜಿನ್ನಿನ ವ್ಯಾಗನ್. ಇನ್ನು ಸಾಮಾನಿನ ಹಡಗು ಬರೋದು ಬುಧವಾರ."

ಭಾನುವಾರಕ್ಕೆ ಬುಧವಾರದ ಹಡಗು ಯಾವ ಉಪಯೋಗಕ್ಕೆ? ನಾನು ಹೊರಗೆ ಬಂದು ಪಿಕಪ್ಪು ಹತ್ತಿದೆ. ಗಜರಾಜ ಬರಲಿಲ್ಲ. ಮಾರುಕಟ್ಟೆಯ ಕಡೆ ಹೋಗಿದ್ದ. ವಾಪಸು ಬಂದಾಗ ಕಂಕುಳಲ್ಲಿ ಪತ್ರಿಕೆಯಲ್ಲಿ ಸುತ್ತಿದ ಒಂದು ಕಟ್ಟು. ಒಣಗಿದ ಯಂಗೋನ ಬೇರು, ಒಳ್ಳೆಯ ಜಾತಿಯದು, ಅರ್ಧ ಕಿಲೋ ಇರಬೇಕು.

ನೋಡಿದ ಕೂಡಲೇ ನನಗೆ ಅರ್ಥವಾಯಿತು. ಬೇರಿನ ಕಟ್ಟು ಮುಂದಿಟ್ಟು, ಕಾಲು ಮಡಚಿ ಕೂತು ಕೇಳಿದರೆ, ಅದನ್ನು ಮುಟ್ಟಿ ತಗೊಂಡ ಮನೆಯವನು ಇಲ್ಲ ಅನ್ನುವಂತಿಲ್ಲ. ಈ ನೆಲದ ಕಟ್ಟಳೆ ಅದು. ಹೆಣ್ಣು ಕೇಳಲು, ತಪ್ಪಿಗೆ ಕ್ಷಮೆ ಕೇಳಲು, ಸತ್ತವರ ಮನೆ ಬಾಗಿಲಿಗೆ ಹೋಗಲು ಇಡುವ ಬೇರು ಅದು. ಅದನ್ನಿಟ್ಟು ಒಬ್ಬನ ಕಾರಿನ ಹೋಸು ಕಿತ್ತುಕೊಳ್ಳುವುದೇ?

"ಥೂ. ನಾಚಿಕೆ ಆಗಲ್ವಾ ಭೈಯಾ? ಅವನ ವ್ಯಾಗನ್ನು ಏನಾಗ್ಬೇಕು?"

"ಬುಧವಾರ ಹಡಗು ಬರುತ್ತೆ ಅಂದಳಲ್ಲ."

"ಅದನ್ನ ಕಾಯೋದು ಅವನು ಯಾಕೆ? ನೀನು ಸುರುಜ್ ಬಲಿ ಮುಂದೆ ಹೋಗಿ ಹೇಳು, ನಿನ್ನ ಹೋಸು ಕೆಟ್ಟದ್ದು, ಬುಧವಾರದವರೆಗೆ ಕಾರು ಏರು ಹತ್ತಲ್ಲ ಅಂತ. ನಾನು ಬರ್ತೀನಿ ಜೊತೆಗೆ. ಈ ಕೆಂಪನ್ನ ಅವನ ಜಗಲಿ ಮೇಲೆ ಎಸೆದು ಬರ್ತೀನಿ."

ಗಜರಾಜ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದ. ಬೇರಿನ ಕಟ್ಟನ್ನು ಮಡಿಲಿಗೆ ಎಳೆದುಕೊಂಡು ಅಂದ: "ನೀನು ಎಸೆದು ಬರ್ತೀಯ. ನಿನ್ನ ಗ್ಯಾರೇಜು ನಿಂದು. ನನಗೆ ಹೆದರಿಕೆ ಮಿಸ್ತ್ರಿ. ಈ ವಯಸ್ಸಲ್ಲಿ ಯಾರು ನನಗೆ ಕಾರು ಕೊಡ್ತಾರೆ?"

ನನಗೆ ಇನ್ನೂ ಸಿಟ್ಟು ಬಂತು. ತಂಬಿಯಾದವರೆಗೆ ಗೇರು ಮುರಿಯುವ ಹಾಗೆ ಓಡಿಸಿದೆ.

ಅಪಿಸಾಯಿಯ ಮನೆ ಮುಂದೆ ಹಲಸಿನ ಜಾತಿಯ ದೊಡ್ಡದೊಂದು ಮರದಡಿ ವ್ಯಾಗನ್ನು ಬಾಯಿ ತೆರೆದು ನಿಂತಿತ್ತು. ಹಳೆಯ ಹೋಸು ಬಿಚ್ಚಿ ಕೆಳಗೆ ಬಿಸಾಕಿದ್ದ. ಕ್ಲಿಪ್ಪಿನ ಹತ್ತಿರ ಬಾಯಿ ಹರಿದ ಹೋಸು, ಅದರ ಮೇಲೆ ಒಂದು ಕೋಳಿ ನಿಂತಿತ್ತು. ಹೊಸದು ಜಗಲಿಯ ಚಾಪೆ ಮೇಲೆ, ಕುಪ್ಪಮ್ಮನ ಸೀಮೆಸುಣ್ಣದ ಗುರುತು ಸಮೇತ. ಅಪಿಸಾಯಿಯ ಹೆಂಡತಿ ಮೆರೆಯಾನಿ ಅದರ ಪಕ್ಕದಲ್ಲೇ ಕೂತು ಕೆಸುವಿನ ಗಡ್ಡೆಗಳನ್ನು ಕಟ್ಟು ಕಟ್ಟುತ್ತಿದ್ದಳು. ಬುಟ್ಟಿಯಲ್ಲಿ ಕಾಲು ಕಟ್ಟಿದ ಏಡಿಗಳು ಕರಕರ ಅನ್ನುತ್ತಿದ್ದವು.

"ಬಾ ಗಜರಾಜ, ಬಾ ಭಾವ" ಅಂದ ಅಪಿಸಾಯಿ. ನಮ್ಮ ಕಡೆ ಈ ನೆಲದ ಮೂಲದವರಾದ ಅವರೂ ಕಬ್ಬಿನ ಕೆಲಸಕ್ಕೆ ಬಂದವರ ಮಕ್ಕಳಾದ ನಾವೂ ಒಬ್ಬರನ್ನೊಬ್ಬರು ಭಾವ ಅಂತಲೇ ಕಿಚಾಯಿಸುವುದು. "ಈ ಸಿಡುಕನ್ನ ಯಾಕೆ ಕರ್ಕೊಂಡು ಬಂದೆ? ನನ್ನ ಕೋಳಿ ಮೊಟ್ಟೆ ಇಡೋದು ನಿಲ್ಲಿಸುತ್ತೆ."

ಗಜರಾಜ ಚಪ್ಪಲಿ ಬಿಟ್ಟು, ಟೋಪಿ ತೆಗೆದು, ಜಗಲಿ ಮೇಲೆ ಚಕ್ಕಳಮಕ್ಕಳ ಕೂತು ಬೇರಿನ ಕಟ್ಟು ಮುಂದಿಟ್ಟ. ಅಪಿಸಾಯಿಯ ನಗು ನಿಂತಿತು. ಅವನೂ ನೆಟ್ಟಗೆ ಕೂತ. ಗಜರಾಜ ತಲೆ ತಗ್ಗಿಸಿ ಅವರ ಭಾಷೆಯಲ್ಲಿ, ತಗ್ಗಿದ ದನಿಯಲ್ಲಿ ಹೇಳಬೇಕಾದ ನಾಲ್ಕು ಮಾತು ಹೇಳಿದ. ಈ ಮನೆಗೆ, ಈ ಮನೆಯ ಹಿರಿಯರಿಗೆ ಇದು ಸಣ್ಣ ಕಾಣಿಕೆ, ನನ್ನದೊಂದು ಕೇಳಿಕೆ ಇದೆ, ಅಂತ. ನಾನು ಮೆಟ್ಟಿಲ ಮೇಲೆ ಕೂತು ಅತ್ತ ಮುಖ ತಿರುಗಿಸಿದೆ. ನೋಡಲಾಗಲಿಲ್ಲ.

ಅಪಿಸಾಯಿ ಕಟ್ಟನ್ನು ಮುಟ್ಟಿ ಎಳೆದುಕೊಂಡ. ಅಂಗೈ ಗೂಡು ಮಾಡಿ ಮೂರು ಸಲ ತಟ್ಟಿದ. ಮುಗಿಯಿತು. ಇನ್ನು ಕೇಳಿದ್ದನ್ನು ಕೊಡಬೇಕು.

"ಹೇಳು ಭಾವ. ಏನು ಬೇಕು?"

ಗಜರಾಜ ಬಾಯಿ ತೆರೆದ. ಅವನ ಕಣ್ಣು ಚಾಪೆಯ ಮೇಲಿನ ಹೊಸ ಹೋಸಿನ ಮೇಲಿತ್ತು. ಮೆರೆಯಾನಿ ಅದನ್ನು ಗಮನಿಸಿದಳು. ಅವಳು ಹೋಸನ್ನು ಬಚ್ಚಿಡಲಿಲ್ಲ, ಎತ್ತಿಕೊಳ್ಳಲಿಲ್ಲ. ಗಡ್ಡೆ ಕಟ್ಟುತ್ತಲೇ, ಯಾರ ಮುಖವನ್ನೂ ನೋಡದೆ ಅಂದಳು: "ನಾಳೆ ಶನಿವಾರದ ಸಂತೆ. ನಾನೂ ಸೇರಿ ಆರು ಹೆಂಗಸರು ಹೋಗ್ಬೇಕು. ಏಡಿ ನಾಳೆವರೆಗೆ ಬದುಕಿರುತ್ತೆ. ನಾಡಿದ್ದು ನಾರುತ್ತೆ."

"ನೀನು ಸುಮ್ನಿರು. ಭಾವ ಕೇಳ್ತಿದಾನೆ" ಅಂದ ಅಪಿಸಾಯಿ.

"ನಾನು ಏಡಿ ವಿಷಯ ಹೇಳ್ದೆ."

ಬೆವರು ಗಜರಾಜನ ಇಸ್ತ್ರಿ ಅಂಗಿಯ ಕಾಲರಿಗೆ ಇಳಿಯುತ್ತಿತ್ತು. ಅಂಗಳದ ಕಡೆ ನೋಡಿದ. ವ್ಯಾಗನ್ನು ನೋಡಿದ. ಕೋಳಿ ನೋಡಿದ. ಎಷ್ಟು ಹೊತ್ತು ಹಾಗೇ ನೋಡಿದನೆಂದರೆ, ನನಗೆ ಎದ್ದು ಅವನನ್ನು ಅಲುಗಿಸೋಣ ಅನ್ನಿಸಿತು.

"ಆ ಹಳೇ ಹೋಸು" ಅಂದ. "ಆ ಕೋಳಿ ಕೆಳಗೆ ಇದೆಯಲ್ಲ. ಅದು ಬೇಕಿತ್ತು."

ಅಪಿಸಾಯಿ ನಗತೊಡಗಿದ. ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. "ಕೇಳಿದ್ಯಾ ಮೆರೆಯಾನಿ? ಕಸಕ್ಕೆ ಬೇರು ತಂದಿದಾನೆ. ಮುಂದಿನ ಸಲ ಬರುವಾಗ ಹೇಳು ಭಾವ, ನಮ್ಮ ತಿಪ್ಪೆ ಪೂರ್ತಿ ನಿನಗೆ ಇಟ್ಟಿರ್ತೀನಿ."

ಮೆರೆಯಾನಿ ನಗಲಿಲ್ಲ. ಎದ್ದು ಹೋಗಿ ಕೋಳಿ ಓಡಿಸಿ, ಆ ಹರಿದ ಹೋಸನ್ನು ತಂದು, ತನ್ನ ಲಂಗದಲ್ಲಿ ಒರೆಸಿ ಎರಡು ಕೈಯಲ್ಲಿ ಗಜರಾಜನಿಗೆ ಕೊಟ್ಟಳು. ಆಮೇಲೆ ಒಳಗೆ ಹೋಗಿ ಬೇಯಿಸಿದ ಗಡ್ಡೆ, ತೆಂಗಿನ ಹಾಲಿನಲ್ಲಿ ಮಾಡಿದ ಮೀನು ತಂದಿಟ್ಟಳು.

ನನಗೆ ಅಲ್ಲಿ ಏನು ನಡೆಯಿತೆಂದೇ ತಿಳಿಯಲಿಲ್ಲ. ಕೇಳುವ ಧೈರ್ಯ ಕೊನೆಗಳಿಗೆಯಲ್ಲಿ ಸತ್ತಿತು, ನಾಚಿಕೆ ಮುಚ್ಚಿಕೊಳ್ಳಲು ಕಸ ಕೇಳಿದ ಅಂದುಕೊಂಡೆ. ಅಂತೂ ಕದಿಯಲಿಲ್ಲವಲ್ಲ. ಅವರು ಬೇರು ಕುಟ್ಟಿ ಕುಡಿಯುವಷ್ಟರಲ್ಲಿ ನಾನು ಹೋಗಿ ಅಪಿಸಾಯಿಯ ವ್ಯಾಗನ್ನಿಗೆ ಹೊಸ ಹೋಸು ಹಾಕಿಕೊಟ್ಟೆ. ಅವನು ಕ್ಲಿಪ್ಪನ್ನು ಬಾಯಿಯ ತುದಿಗೇ ಬಿಗಿದು ಬಿಗಿದು ಹಳೆಯದನ್ನು ಹರಿದಿದ್ದ. ಅದಕ್ಕೆ ಎರಡು ಮಾತು ಬೈದೆ. ಅವನು ಚಿಪ್ಪು ಎತ್ತಿ ತೋರಿಸಿ "ಕುಡಿ ಭಾವ, ತಣ್ಣಗಾಗ್ತೀಯ" ಅಂದ.

ವಾಪಸು ಬರುವಾಗ ಗಜರಾಜ ಆ ಹರಿದ ಹೋಸನ್ನು ಮಡಿಲಲ್ಲಿ ಇಟ್ಟುಕೊಂಡು ಬೆರಳು ತೂರಿಸಿ ಕೆದಕುತ್ತಿದ್ದ. ಸ್ವಲ್ಪ ಸ್ವಲ್ಪವೇ, ಬಾಯಿಂದ ಕರುಳು ಎಳೆದ ಹಾಗೆ, ಸ್ಪ್ರಿಂಗ್ ಹೊರಗೆ ಬಂತು. ತಂತಿ ಹೊಳೆಯುತ್ತಿತ್ತು. ತುಕ್ಕು ಎಲ್ಲೋ ಒಂದು ಚುಕ್ಕೆ.

"ಮಿಸ್ತ್ರಿ, ಇದು ಕೆಂಪಿನ ಒಳಗೆ ಹೋಗಲ್ವಾ?"

ನಾನು ಪಿಕಪ್ಪನ್ನು ಪಕ್ಕಕ್ಕೆ ನಿಲ್ಲಿಸಿದೆ.

ಒಂದೇ ಇಂಜಿನ್ನು, ಒಂದೇ ಬಾಯಿ. ಯಾಕೆ ಹೋಗುವುದಿಲ್ಲ? ಮೂವತ್ತೊಂದು ವರ್ಷದ ಮಿಸ್ತ್ರಿಗೆ ಹೊಳೆಯದ್ದು ಈ ಮರಗೆಣಸು ಹಿಂಡುವವನಿಗೆ ಕೋಳಿಯ ಕಾಲಡಿಯಲ್ಲಿ ಹೊಳೆದಿತ್ತು. ನನಗೆ ಯಾಕೆ ಹೊಳೆಯಲಿಲ್ಲ ಅಂತ ಆಮೇಲೆ ಯೋಚಿಸಿದೆ. ಆ ಕೆಂಪು ಹೋಸನ್ನು ಎಸೆಯಬೇಕು ಅನ್ನುವುದು ಬಿಟ್ಟು ಬೇರೆ ಯೋಚನೆಯೇ ನನ್ನ ತಲೆಗೆ ಬಂದಿರಲಿಲ್ಲ.

"ಹೋಗುತ್ತೆ" ಅಂದೆ. "ಆದರೆ ಬುಧವಾರ ಕಪ್ಪು ಬಂದ ಮೇಲೆ ಇದನ್ನ ಕಿತ್ತು ಬಿಸಾಕ್ತೀನಿ."

"ಬೇಡ. ಕೆಂಪೇ ಇರ್ಲಿ."

"ಯಾಕೆ?"

"ಕಪ್ಪು ಹಾಕಿದ್ರೆ ಕಾರು ಕುದಿಯಲ್ಲ, ಬಾಸು ಕುದೀತಾರೆ. ಬಾನೆಟ್ಟು ಎತ್ತಿ ನೋಡ್ತಾರೆ. ನಾನು ತಂದಿದ್ದು ಎಲ್ಲಿ ಅಂತಾರೆ. ಅದು ಕೆಟ್ಟದ್ದು ಅಂತ ನಾನು ಹೇಳ್ಬೇಕು. ಸುರುಜ್ ಬಲಿಗೆ ಹೋಸು ಆರಿಸೋಕೆ ಬರಲ್ಲ ಅಂತ ಸ್ಟ್ಯಾಂಡಲ್ಲಿ ಮಾತಾಗುತ್ತೆ. ಆಮೇಲೆ ಕಾರು ಒಂದು ಸಲಾನೂ ಕುದಿಯದಿದ್ರೂ ಕೀಲಿ ಅಳಿಯನಿಗೇ. ಹದಿನೆಂಟು ವರ್ಷ ನೋಡಿದೀನಿ ಅವರನ್ನ."

"ಅಂದ್ರೆ ತಪ್ಪು ಅವನದು, ಕೆಟ್ಟ ಹೆಸರು ನಿನ್ನದು."

"ಇರ್ಲಿ ಬಿಡು."

ಆ "ಇರ್ಲಿ ಬಿಡು" ಕೇಳಿ ನನಗೆ ಬಾಯಿ ಕಹಿಯಾಯಿತು. ಕಿಟಕಿಯಿಂದ ಉಗುಳಿದೆ. ಆದರೆ ಗಾಡಿ ಸ್ಟಾರ್ಟ್ ಮಾಡಿದೆ.

ಗ್ಯಾರೇಜಿಗೆ ಬಂದು ಸ್ಪ್ರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಪ್ರತಿ ಸುತ್ತನ್ನೂ ಉಗುರಿನಿಂದ ತಡವಿದೆ. ಎಲ್ಲೂ ಸವೆದಿರಲಿಲ್ಲ. ಸೋಪಿನ ನೀರು ಹಚ್ಚಿ, ಸುತ್ತು ಬಿಗಿಯಾಗುವ ಕಡೆಗೆ ತಿರುವುತ್ತಾ ತಿರುವುತ್ತಾ ಕೆಂಪಿನೊಳಗೆ ಇಳಿಸಿದೆ. ಎರಡನೆಯ ಬಾಗಿನಲ್ಲಿ ಹಠ ಮಾಡಿತು, ಆಮೇಲೆ ಕುಳಿತಿತು. ಹೋಸು ಹಾಕಿ, ನೀರು ತುಂಬಿ, ಗಾಳಿ ಹೊರಗೆ ಬಿಟ್ಟು, ತಂತಿ ಎಳೆದೆ. ಇಂಜಿನ್ನು ಅರಚಿತು. ಹೋಸು ಅಲುಗಲಿಲ್ಲ. ಗಜರಾಜ ಅದರ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ. ಸುಡುವವರೆಗೂ ತೆಗೆಯಲಿಲ್ಲ.

ಭಾನುವಾರ ಮಳೆ ಇರಲಿಲ್ಲ, ಬಿಸಿಲು ಚುರುಗುಟ್ಟುತ್ತಿತ್ತು. ನಾನು ಮನೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದರೂ ಮನಸ್ಸು ಸೆಯಾಂಗಾಂಗಾದ ಏರಿನಲ್ಲಿತ್ತು. ಇಷ್ಟು ಹೊತ್ತಿಗೆ ತಿರುವು ಬಂದಿರಬೇಕು, ಇಷ್ಟು ಹೊತ್ತಿಗೆ ಎರಡನೇ ಗೇರು. ಎರಡು ಸಲ ಹೆಂಡತಿಯ ಮೇಲೆ ಸುಮ್ಮನೆ ರೇಗಿದೆ.

ಸೋಮವಾರ ಬೆಳಿಗ್ಗೆ ಟ್ಯಾಕ್ಸಿ ಗ್ಯಾರೇಜಿನ ಮುಂದೆ ನಿಂತಿತು. ಓಡಿಸಿಕೊಂಡು ಬಂದವನು ಗಜರಾಜ. ಹಿಂದಿನ ಸೀಟಿನಿಂದ ಸುರುಜ್ ಬಲಿ ಇಳಿದ, ಹೊಟ್ಟೆ ಮೊದಲು, ಆಮೇಲೆ ಉಳಿದದ್ದು.

"ಏನು ಮಿಸ್ತ್ರಿ. ನನ್ನ ಹೋಸು ಬಿಚ್ಚಿ ನೋಡಿದ್ಯಂತೆ. ಕುಪ್ಪಮ್ಮನ ಅಂಗಡಿವರೆಗೂ ತಿರುಗಾಡಿಸಿದ್ಯಂತೆ."

ಕುಪ್ಪಮ್ಮನ ಬಾಯಿ. ನಾನು ಗಜರಾಜನ ಕಡೆ ನೋಡಿದೆ. ಅವನು ಗಾಜು ಒರೆಸುತ್ತಿದ್ದ.

"ನೋಡ್ದೆ" ಅಂದೆ.

"ನೋಡಿ ಏನಾಯ್ತು? ಮತ್ತೆ ಅದನ್ನೇ ಹಾಕ್ದೆ ತಾನೇ? ನಿನ್ನೆ ನಂಬೊವಾಲಿಗೆ ಹೋಗಿ ಬಂದ್ವಿ. ಐದು ಜನ, ಮೇಲೆ ಸಾಮಾನು. ಮುಳ್ಳು ಅಲ್ಲಾಡ್ಲಿಲ್ಲ. ನನ್ನ ಹೆಂಡ್ತಿ ಅಣ್ಣ ಬಾನೆಟ್ಟು ಎತ್ತಿಸಿ ನೋಡಿ, ಇಂಥ ಹೋಸು ಸುವಾದಲ್ಲೂ ಎಲ್ಲರ ಹತ್ರ ಇಲ್ಲ ಅಂದ." ಬೆರಳೆತ್ತಿದ. "ಸಾಮಾನು ಕೆಟ್ಟದ್ದಲ್ಲ ಮಿಸ್ತ್ರಿ, ಓಡಿಸೋನು ಸರಿ ಇರ್ಬೇಕು. ನಾನು ಒಂದು ಗದರಿಕೆ ಹಾಕ್ದೆ, ಈಗ ನೆಟ್ಟಗೆ ಓಡಿಸ್ತಿದಾನೆ. ಏನು ಗಜರಾಜ?"

"ಹೌದು ಬಾಸ್."

ನನ್ನ ಕೈಯಲ್ಲಿ ಹದಿನೇಳರ ಸ್ಪ್ಯಾನರ್ ಇತ್ತು. ಅದನ್ನು ಬೆಂಚಿನ ಮೇಲೆ ಇಟ್ಟೆ, ದೂರಕ್ಕೆ. ಹೇಳಬೇಕಾದ 'ಒಳಗೆ ಬೆರಳು ಹಾಕಿ ನೋಡು' ಅನ್ನುವ ಒಂದೇ ಮಾತು ನಾಲಿಗೆಯ ತುದಿಯಲ್ಲಿತ್ತು. ಇಷ್ಟು ವರ್ಷದಲ್ಲಿ ನಾಲಿಗೆಯ ತುದಿಗೆ ಬಂದ ಮಾತನ್ನು ನಾನು ಯಾರಿಗಾಗಿಯೂ ನುಂಗಿದವನಲ್ಲ. ಗಜರಾಜ ಗಾಜು ಒರೆಸುವುದನ್ನು ನಿಲ್ಲಿಸಿದ್ದ. ನನ್ನನ್ನು ಬೇಡುವ ಹಾಗೆ ನೋಡಲಿಲ್ಲ. ಸುಮ್ಮನೆ ಒದ್ದೆ ಬಟ್ಟೆ ಹಿಡಿದುಕೊಂಡು ಕಾಯುತ್ತಿದ್ದ.

ನುಂಗಿದೆ. ಆ ಗಂಜಿಯ ನಾತಕ್ಕಿಂತ ಕೆಟ್ಟ ರುಚಿ.

ಸುರುಜ್ ಬಲಿ ಹಿಂದಿನ ಸೀಟಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ನನ್ನ ಎದೆಗೆ ಹಿಡಿದ. "ಹೆಂಡ್ತಿ ಅಣ್ಣನ ಕೈಲಿ ತರಿಸಿದ್ದು. ಮೇಲಿನದಕ್ಕೆ. ಹಾಕು."

ಒಳಗೆ ಇನ್ನೊಂದು ಕೆಂಪು ಹೋಸು. ಮೇಲಿನ ಹೋಸಿನಲ್ಲಿ ಪಂಪು ನೀರನ್ನು ಎಳೆಯುವುದಿಲ್ಲ, ತಳ್ಳುತ್ತದೆ. ಅಲ್ಲಿ ಸ್ಪ್ರಿಂಗ್ ಇಲ್ಲದಿದ್ದರೂ ನಡೆಯುತ್ತದೆ. ಅವನ ಅದೃಷ್ಟ ಅಷ್ಟು ಚೆನ್ನಾಗಿತ್ತು. ಹಿಸುಕಿ ನೋಡಿದೆ, ಬಾಯಿ ಅಳೆದೆ, ಒಳಗೆ ಬೆರಳು ಹಾಕಿ ತಿರುಗಿಸಿದೆ. ಹಾಕಬಾರದು ಅನ್ನಲು ಒಂದು ಕಾರಣವೂ ಸಿಗಲಿಲ್ಲ.

ಹಾಕಿದೆ. ಕ್ಲಿಪ್ಪನ್ನು ತುದಿಯಿಂದ ಬೆರಳಗಲ ಬಿಟ್ಟು ಬಿಗಿದೆ. ಸುರುಜ್ ಬಲಿ ಎರಡು ಹೆಜ್ಜೆ ಹಿಂದೆ ನಿಂತು, ಅಂಗಡಿಯಲ್ಲಿ ಸೀರೆ ಹರಡಿ ನೋಡುವ ಹಾಗೆ ಕುತ್ತಿಗೆ ಓರೆ ಮಾಡಿ ಎರಡು ಕೆಂಪನ್ನೂ ನೋಡಿದ.

"ಹೇಗಿದೆ ಗಜರಾಜ?"

"ತುಂಬಾ ಚೆನ್ನಾಗಿದೆ ಬಾಸ್."

ಬಾನೆಟ್ಟನ್ನು ಮೆಲ್ಲಗೆ ಇಳಿಸಿ, ಎರಡು ಕೈಯಿಂದ ಒತ್ತಿ ಮುಚ್ಚಿದವನು ಗಜರಾಜನೇ. ಸುರುಜ್ ಬಲಿಗೆ ಹಿಂದಿನ ಬಾಗಿಲು ತೆರೆದು ಹಿಡಿದ, ಹಾಕಿದ, ಸುತ್ತಿ ಬಂದು ತನ್ನ ಸೀಟಿನಲ್ಲಿ ಕೂತ, ಕನ್ನಡಿ ಸರಿಮಾಡಿಕೊಂಡ. ಬೀದಿಗೆ ತಿರುಗಿಸುವಾಗ ಕಿಟಕಿಯಿಂದ ಬಲಗೈಯ ನಾಲ್ಕು ಬೆರಳು ಮಾತ್ರ ನನ್ನ ಕಡೆ ಎತ್ತಿ ಇಳಿಸಿದ, ಹಿಂದಿನ ಸೀಟಿನವನಿಗೆ ಕಾಣದ ಹಾಗೆ.